ಗೇಣಿಯ ಅಂಗಳ

ಊರಿನಿಂದ ದೂರವಾದವರ ನೋವನ್ನು ನವ್ಯ ವಿಮರ್ಶೆ ‘ಪರಕೀಯ ಪ್ರಜ್ಞೆ’ ಎಂದು ಗುರುತಿಸಿತು. ದೂರವಾಗುವ ಮುನ್ನ ಆ ಊರು ಅವರದಾಗಿತ್ತೇ ಎಂದು ಅದು ಕೇಳಿದ್ದು ಕಡಿಮೆ.

ವಡೋದರ ನಗರದ ದಕ್ಷಿಣ ಭಾಗದ ಮಂಜಲ್‌ಪುರದಲ್ಲಿ ನೆಲೆಸಿರುವ ಹಿರಿಯರೊಬ್ಬರ ವಿಷಯದಲ್ಲಿ ಈ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಕುಂದಾಪುರ ತಾಲೂಕಿನ ಹಳ್ಳಿಯೊಂದರಿಂದ 1971ರಲ್ಲಿ ಹೊರಟ ಅವರು ಮುಂಬಯಿಯ ಹೋಟೆಲಿನಲ್ಲಿ ಲೋಟ ತೊಳೆದು, ಬಳಿಕ ಮಕರ್‌ಪುರಾ ಕೈಗಾರಿಕಾ ವಸಾಹತಿನಲ್ಲಿ ಲೇತ್ ಕೆಲಸ ಕಲಿತು, ಸಮೀಪದಲ್ಲೇ ಮನೆ ಮಾಡಿದರು. ಮಕ್ಕಳಿಗೆ ಬೀದಿಯ ಗುಜರಾತಿಯೇ ಮೊದಲ ಮಾತಾಯಿತು. ಅವರಿಗೆ ತಂದೆ ಹೇಳುತ್ತಿದ್ದುದೆಲ್ಲ ‘ನಮ್ಮ ಅಂಗಳ’ದ ಕತೆ: ಸೆಗಣಿ ಸಾರಿಸಿದ ನೆಲ, ಹುಲ್ಲಿನ ಕುತ್ರಿ, ಬೇಯುವ ಭತ್ತದ ಹಬೆ, ಸಾಲಾಗಿಟ್ಟ ಅಕ್ಕಿಮುಡಿ. ಒಮ್ಮೆ ಮಗಳು ಕೇಳಿದಳು: ‘ಅಲ್ಲಿ ಅಜ್ಜ ಎಲ್ಲಿ ಕೂತುಕೊಳ್ತಿದ್ರು?’

ಅಜ್ಜ ಅಲ್ಲಿ ಕೂತದ್ದೇ ಇಲ್ಲ. ಅಂಗಳ ಒಡೆಯರದು. ಅಜ್ಜ ಚಾಲಗೇಣಿಯ ಒಕ್ಕಲು. ಗೇಣಿಯ ಮುಡಿಗಳನ್ನು ಹೊತ್ತು ತಂದು, ಜಗಲಿಯ ಕೆಳಗೆ ನಿಂತು ಲೆಕ್ಕ ಒಪ್ಪಿಸಿ ಹಿಂದಿರುಗುವವರು. ಆ ಹೊತ್ತಿಗೆ ಮಗ ಭತ್ತದ ರಾಶಿಯ ಸುತ್ತ ಆಡುತ್ತಿದ್ದ. ಅವನ ಕಣ್ಣು ಉಳಿಸಿಕೊಂಡದ್ದು ರಾಶಿಯನ್ನು. ತಂದೆ ನಿಂತಿದ್ದ ಬಗೆಯನ್ನಲ್ಲ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯ ರಾಮನಿಗೆ ಹಿರಿಯರದೆಂದು ಹೇಳಿಕೊಳ್ಳಲು ನೆಲವಿತ್ತು. ಗೇಣಿಯ ಒಕ್ಕಲಿನ ಮಗ ಮರಳಬೇಕಾದರೆ ಯಾರ ಮಣ್ಣಿಗೆ?

1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಕಾಯ್ದೆ ಜಾರಿಗೆ ಬಂದಿತು. ಗೇಣಿ ಜಮೀನುಗಳು ಸರಕಾರಕ್ಕೆ ಸೇರಿ, ಒಕ್ಕಲುಗಳು ಹಕ್ಕಿಗಾಗಿ ಭೂ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಿದರು; ಕರಾವಳಿಯ ಆಡುಮಾತಿನಲ್ಲಿ ಇದು ‘ಡಿಕ್ಲರೇಶನ್ ಕೊಡುವುದು’. ಊರಲ್ಲೇ ಉಳಿದ ಅಣ್ಣ ಅರ್ಜಿ ಕೊಟ್ಟರು, ವಿಚಾರಣೆಗೆ ಅಲೆದರು, ತಲೆಮಾರುಗಳಿಂದ ತಗ್ಗಿಸಿದ್ದ ತಲೆಯನ್ನೆತ್ತಿ ಒಡೆಯರ ಎದುರು ಸಾಕ್ಷ್ಯ ಹೇಳಿದರು, ಗದ್ದೆ ಪಡೆದರು. ತಮ್ಮನಿಗೆ ಈ ಸುದ್ದಿ ಇನ್‌ಲ್ಯಾಂಡ್ ಪತ್ರದಲ್ಲಿ ತಲುಪಿತು. ಊರಿನ ನೆಲ ತಮ್ಮದಾಗುತ್ತಿದ್ದ ವರ್ಷಗಳಲ್ಲೇ ಅವರು ಅಲ್ಲಿರಲಿಲ್ಲ. ಅಣ್ಣ ಯಾವ ಊರಿನಿಂದ ಬಿಡುಗಡೆ ಪಡೆದರೋ ಆ ಊರಿಗಾಗಿಯೇ ತಮ್ಮ ಮಂಜಲ್‌ಪುರದಲ್ಲಿ ಕೂತು ಹಂಬಲಿಸುತ್ತಿದ್ದರು. ಅಣ್ಣತಮ್ಮಂದಿರ ನಡುವೆ ಮಾತು ಬೇಗ ಮುಗಿದುಹೋಗುತ್ತಿದ್ದುದಕ್ಕೆ ದೂರವೊಂದೇ ಕಾರಣವಾಗಿರಲಾರದು.

1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾದ ಮೇಲೆ ಹೋಗಿಬರುವುದು ಸುಲಭವಾಯಿತು. ಹೋಗಬೇಕೆಂಬ ತಹತಹ ಮಾತ್ರ ಆ ವೇಳೆಗೆ ತಗ್ಗಿತ್ತು. ಒಡೆಯರ ಮನೆಗೆ ಬೀಗ ಬಿದ್ದಿತ್ತು, ಅಂಗಳದಲ್ಲಿ ಹುಲ್ಲು ಬೆಳೆದಿತ್ತು. ಅದನ್ನು ಕಂಡಾಗ ಎದೆ ಹಿಂಡಬೇಕೆಂದು ಅವರು ಕಾದರು, ಹಿಂಡಲಿಲ್ಲ. ಅದೇ ಬಾರಿ ಅಣ್ಣನ ಹೆಸರಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟರು. ಅಣ್ಣ ಬೇಡವೆಂದರು, ಅತ್ತಿಗೆ ಕಣ್ಣೊರೆಸಿಕೊಂಡರು. ಬಸ್ಸು ಹತ್ತುವಲ್ಲಿ ಪರಿಚಯದವರೊಬ್ಬರು ವಾಡಿಕೆಯಂತೆ, ‘ಹ್ವಾಯ್, ಯಾವತ್ತ್ ಹೋಪ್ದ್?’ ಎಂದರು. ಹಿಂದೆಲ್ಲ ಈ ಪ್ರಶ್ನೆ ಚುಚ್ಚುತ್ತಿತ್ತು. ಈ ಸಲ ಅವರು ಜೇಬಿನಿಂದ ಟಿಕೇಟು ತೆಗೆದು, ಕನ್ನಡಕ ಏರಿಸಿ, ತಾರೀಕು ಓದಿ ಹೇಳಿದರು.