ಬೀಗ ಹಾಕದೆಯೂ ತೆರೆಯದ ಪುಸ್ತಕ

ನಾನು ಡಿಟಿಪಿ ಕೆಲಸಕ್ಕೆ ಸೇರಿದ ಕಾಲದಲ್ಲಿ ಬೆಂಗಳೂರಿನಲ್ಲಿ ಕನ್ನಡ ಪುಸ್ತಕ ಕಟ್ಟುವುದೆಂದರೆ ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್, ಅದರೊಳಗೆ ಶ್ರೀಲಿಪಿ, ಬರಹ ಇಲ್ಲವೇ ನುಡಿ ಫಾಂಟು. ಟ್ರೇಸಿಂಗ್ ತೆಗೆದು ಪ್ರೆಸ್ಸಿಗೆ ಕೊಟ್ಟರೆ ನಮ್ಮ ಪಾಲಿನದು ಮುಗಿಯಿತು. ಆ ಫೈಲನ್ನು ಇನ್ಯಾರೋ ಇನ್ನೊಂದು ಯಂತ್ರದಲ್ಲಿ ತೆರೆದು ಓದಿಯಾರು ಎಂಬ ಯೋಚನೆಯೇ ಇರಲಿಲ್ಲ.

ತೆರೆದಿದ್ದರೂ ಏನು ಕಾಣುತ್ತಿತ್ತು? ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಡೀ ಕಾದಂಬರಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಗುಡ್ಡೆ. ಪ್ರತಿ ಅಕ್ಷರಕ್ಕೂ ಎಲ್ಲ ಯಂತ್ರಗಳಲ್ಲೂ ಒಂದೇ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಪೇಜ್‌ಮೇಕರ್ ಅದನ್ನು ಅರಿಯದು, ನಮಗೂ ಬೇಕೆನಿಸಿರಲಿಲ್ಲ.

2007ರಲ್ಲಿ ಅಮೆರಿಕದಲ್ಲಿ ಅಮೆಜಾನಿನ ಇ-ಪುಸ್ತಕ ಓದುವ ಸಾಧನ ಕಿಂಡಲ್ ಬಂತು. ಇ-ಪುಸ್ತಕದ ಫೈಲ್ ಮಾದರಿ ಇಪಬ್ ಮಾನಕವಾಗಿದ್ದೂ ಅದೇ ವರ್ಷ, ಆದರೆ ಕಿಂಡಲ್ ಅದನ್ನು ಓದುತ್ತಿರಲಿಲ್ಲ. ಮೊಬಿಪಾಕೆಟ್ ಕಂಪನಿಯನ್ನು 2005ರಲ್ಲೇ ಕೊಂಡಿದ್ದ ಅಮೆಜಾನ್ ಅದರ ಮಾದರಿಯನ್ನೇ ಹಿಡಿಯಿತು. ಮೇಲೆ ನಕಲು ತಡೆಯುವ ಬೀಗವೊಂದು ಬೇರೆ. 2009ರಲ್ಲಿ ಆರ್ವೆಲ್‌ನ ‘1984’ ಕೊಂಡವರ ಕಿಂಡಲ್‌ಗಳಿಂದಲೇ ಅಳಿಸಿಹೋದ ಸುದ್ದಿ ಓದಿ ನಾವು ನಕ್ಕೆವು. ನಮ್ಮಲ್ಲಿ ಅಳಿಸಲಿಕ್ಕಾದರೂ ಏನಿತ್ತು!

ಆಂಡ್ರಾಯ್ಡ್‌ನಲ್ಲಿ ಕನ್ನಡದ ಒತ್ತಕ್ಷರಗಳು ನೆಟ್ಟಗೆ ಕೂತದ್ದು 2012ರ ಹೊತ್ತಿಗೆ. 2016ರ ಡಿಸೆಂಬರಿನಲ್ಲಿ ಅಮೆಜಾನ್ ಐದು ಭಾರತೀಯ ಭಾಷೆಗಳ ಇ-ಪುಸ್ತಕ ಮಾರಾಟ ಶುರುಮಾಡಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡವಿಲ್ಲ. ನಮ್ಮ ಪ್ರಕಾಶಕರಲ್ಲಿ ಕೆಲವರಿಗೆ ಅದರಿಂದ ನೆಮ್ಮದಿಯೇ ಆಯಿತೆನ್ನಬೇಕು. ‘ಇ-ಪುಸ್ತಕ ಕೊಟ್ಟರೆ ನಾಳೆಯೇ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತೆ ಸ್ವಾಮಿ’ ಎನ್ನುತ್ತಿದ್ದರು. ನನ್ನ ಕಣ್ಣಿಗೆ ಬಿದ್ದ ಕಳ್ಳಪ್ರತಿಗಳೆಲ್ಲ ಅಚ್ಚಾದ ಪುಸ್ತಕವನ್ನೇ ಸ್ಕ್ಯಾನ್ ಮಾಡಿದಂಥವು, ಓದಿದವರ ಪೆನ್ಸಿಲ್ ಗುರುತಿನ ಸಮೇತ. ಅಂಥವರಿಗೆ ಯಾವ ಬೀಗ?

ಆಮೇಲೆ ಮೈಲ್ಯಾಂಗ್‌ನಂಥ ಕನ್ನಡದ್ದೇ ಆ್ಯಪ್‌ಗಳು ಬಂದವು, ಹಳೇ ಫೈಲುಗಳಿಗೆ ಬೇಡಿಕೆ ಬಂತು. ಆಗ ಶುರುವಾಯಿತು ನಿಜವಾದ ಕೆಲಸ: ಅವನ್ನು ಯೂನಿಕೋಡ್‌ಗೆ ಪರಿವರ್ತಿಸುವುದು. ಹಳೇ ಫೈಲಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ಬಲಕ್ಕಿರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದಂತೆ ಮೊದಲು ಬರಬೇಕು. ಪರಿವರ್ತಕ ತಪ್ಪಿದರೆ ಅದು ಪಕ್ಕದ ಅಕ್ಷರಕ್ಕೆ ಹತ್ತಿಕೊಳ್ಳುತ್ತದೆ. ನಡುವೆ ಒಂದು ಇಂಗ್ಲಿಷ್ ಹೆಸರಿದ್ದರೆ ಅದೂ ಕನ್ನಡದ ಕಲಸುಮೇಲೋಗರ. ಒಂದು ಸಂಶೋಧನಾ ಗ್ರಂಥದ ಅಡಿಟಿಪ್ಪಣಿಗಳು ನನ್ನ ಕಣ್ಣು ತಿಂದುಬಿಟ್ಟವು.

ಈಗಿನ ಲೇಖಕರು ಮೊಬೈಲಿನಲ್ಲೇ ಯೂನಿಕೋಡ್ ಬರೆದು ಕಳಿಸುತ್ತಾರೆ. ಹಳೆಯದನ್ನು ಪರಿವರ್ತಿಸುವ ಬದಲು ಮತ್ತೆ ಟೈಪ್ ಮಾಡಿಸುವುದೇ ಅಗ್ಗ ಎಂದು ಎಷ್ಟೋ ಪ್ರಕಾಶಕರು ಲೆಕ್ಕ ಹಾಕುತ್ತಾರೆ. ಕರಡು ತಿದ್ದುವವರ ಕೂಲಿ ಆ ಲೆಕ್ಕದಲ್ಲಿ ಸೇರಿರುವುದಿಲ್ಲ.