ಬೇಲಿಯೇ ಹೊಲ ಮೇಯ್ದಾಗ

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂಬ ಮಾತು ನಮ್ಮಲ್ಲಿ ಹಳೆಯದು. ಕಾವಲಿಗಿದ್ದವರೇ ಕೈಕೊಟ್ಟಾಗ ಹಿರಿಯರು ಈ ಮಾತನ್ನು ನೆನಪಿಸುತ್ತಾರೆ. ಮನುಷ್ಯನ ಶರೀರದೊಳಗೂ ಇಂತಹದ್ದು ನಡೆಯುತ್ತದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ನಮ್ಮ ಕಿರಿಯ ತಂಗಿಗೆ ಲೂಪಸ್ ಎಂಬ ಕಾಯಿಲೆ ಇದೆಯೆಂದು 2014ರಲ್ಲಿ ತಿಳಿದ ಬಳಿಕವೇ ನಾವು, ಅವಳ ಒಡಹುಟ್ಟಿದವರು, ಇದನ್ನು ಕೇಳಿ, ಓದಿ, ವೈದ್ಯರನ್ನು ಕಾಡಿ ತಿಳಿದುಕೊಂಡೆವು. ತಿಳಿದುಕೊಂಡದ್ದನ್ನು ಇತರ ಮನೆಗಳಿಗೂ ತಲುಪಿಸಬೇಕೆಂಬುದೇ ಈ ಬರಹದ ಉದ್ದೇಶ.

ಹೊರಗಿನಿಂದ ರೋಗಾಣುಗಳು ಬಂದಾಗ ನಮ್ಮ ಶರೀರ ಪ್ರತಿಕಾಯಗಳನ್ನು ತಯಾರಿಸುತ್ತದೆ. ಬಿ ಕೋಶಗಳೆಂಬ ಬಿಳಿ ರಕ್ತಕಣಗಳಿಂದ ಹುಟ್ಟುವ, ಕವಲೊಡೆದ ಕೋಲಿನಂತಹ ಆಕಾರದ ಪ್ರೋಟೀನುಗಳಿವು. ವೈರಿಯನ್ನು ಗುರುತು ಹಿಡಿದು ಅದಕ್ಕೆ ಅಂಟಿಕೊಳ್ಳುವುದು ಇವುಗಳ ಕೆಲಸ. ಮಕ್ಕಳಿಗೆ ಚುಚ್ಚುಮದ್ದು ಕೊಡಿಸುವುದು ಕೂಡ ಇಂತಹ ಕಾವಲುಗಾರರನ್ನು ಮೊದಲೇ ಸಿದ್ಧಪಡಿಸಿಡುವುದಕ್ಕಾಗಿ. ಆದರೆ ಕೆಲವರಲ್ಲಿ ಈ ಕಾವಲುಗಾರರು ಮನೆಯವರನ್ನೇ ಕಳ್ಳರೆಂದು ತಿಳಿದು ಹಿಡಿಯುತ್ತಾರೆ. ಸ್ವಂತ ಶರೀರದ ಮೇಲೆ ಕೈಮಾಡುವ ಇಂತಹ ಪ್ರತಿಕಾಯಗಳಿಗೆ ಸ್ವಪ್ರತಿಕಾಯಗಳೆಂದು ಹೆಸರು.

ಲೂಪಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತೋಳ. ಮುಖದ ಮೇಲಿನ ಹುಣ್ಣುಗಳಿಂದಾಗಿ ಹಿಂದಿನವರು ಇಟ್ಟ ಹೆಸರು ಅದು. ಕಾಯಿಲೆ ಚರ್ಮದಾಚೆ ಶರೀರದ ಒಳಗೆ ಏನು ಮಾಡುತ್ತದೆ ಎಂಬುದರ ಒಂದು ಮುಖ್ಯ ಸುಳಿವು ಸಿಕ್ಕಿದ್ದು 1948ರಲ್ಲಿ. ಅಮೆರಿಕದ ಮೇಯೋ ಕ್ಲಿನಿಕ್ಕಿನ ಮಾಲ್ಕಮ್ ಹಾರ್‌ಗ್ರೇವ್ಸ್ ಮತ್ತು ಸಂಗಡಿಗರು, ಲೂಪಸ್ ರೋಗಿಗಳ ಅಸ್ಥಿಮಜ್ಜೆಯಲ್ಲಿ ಬೇರೆ ಕೋಶಗಳ ಕೇಂದ್ರವನ್ನು ನುಂಗಿ ಕುಳಿತ ಬಿಳಿ ರಕ್ತಕಣಗಳನ್ನು ಕಂಡರು. 1957ರ ಹೊತ್ತಿಗೆ, ಜೀವಕೋಶದ ಕೇಂದ್ರದಲ್ಲಿರುವ ಡಿ.ಎನ್.ಎ.ಯ ವಿರುದ್ಧವೇ ಈ ರೋಗಿಗಳ ರಕ್ತದಲ್ಲಿ ಪ್ರತಿಕಾಯಗಳಿರುವುದು ಸ್ಪಷ್ಟವಾಯಿತು.

ನಮ್ಮ ತಂಗಿಯ ತೊಂದರೆಗಳು ಶುರುವಾದಾಗ ಅವಳಿಗೆ 23 ವರ್ಷ. ಬೆಳಿಗ್ಗೆ ಏಳುವಾಗ ಬೆರಳುಗಳನ್ನು ಮಡಚಲು ಆಗುತ್ತಿರಲಿಲ್ಲ. ಬಾಯಿಯಲ್ಲಿ ಹುಣ್ಣು, ಆಗಾಗ ಸಣ್ಣ ಜ್ವರ, ಬಾಚಣಿಗೆ ತುಂಬ ಕೂದಲು. ಬಿಸಿಲಿಗೆ ಹೋಗಿ ಬಂದರೆ ಕೆನ್ನೆಗಳೆರಡೂ ಕೆಂಪಾಗುತ್ತಿದ್ದವು. ಒಂದು ಕಡೆ ಚಿಕುನ್‌ಗುನ್ಯ ಇರಬೇಕೆಂದರು, ಇನ್ನೊಂದು ಕಡೆ ನೋವಿನ ಮಾತ್ರೆ ಕೊಟ್ಟು ಕಳುಹಿಸಿದರು. ನೋಡುವುದಕ್ಕೆ ಚೆನ್ನಾಗಿಯೇ ಇದ್ದ ಹುಡುಗಿ ಮಧ್ಯಾಹ್ನ ಮಲಗಿದರೆ ನೆಂಟರ ಬಾಯಿಗೆ ಬೀಗವಿರಲಿಲ್ಲ. ಕೆಲಸಗಳ್ಳಿ ಎಂದರು ಕೆಲವರು, ದೃಷ್ಟಿ ತಗಲಿದೆ ಎಂದರು ಕೆಲವರು. ಮದುವೆಯಾಗಿ ಎರಡು ಬಾರಿ ಮೂರು ತಿಂಗಳು ದಾಟಿದ ಬಳಿಕ ಗರ್ಭ ಹೋಯಿತು. ಆಗಂತೂ ಆ ಮನೆಯ ಹಿರಿಯ ಹೆಂಗಸರ ಮೌನವೇ ಅವಳಿಗೆ ಬೈಗುಳದಂತಿತ್ತು.

ಕೊನೆಗೆ ಒಬ್ಬ ವೈದ್ಯರು ಅವಳ ಮೂತ್ರದಲ್ಲಿ ಪ್ರೋಟೀನು ಹೋಗುತ್ತಿರುವುದನ್ನು ಗಮನಿಸಿ ಸಂಧಿರೋಗ ತಜ್ಞರ ಬಳಿಗೆ ಕಳುಹಿಸಿದರು. ರಕ್ತಪರೀಕ್ಷೆಯಲ್ಲಿ ಎ.ಎನ್.ಎ., ಅಂದರೆ ಕೋಶಕೇಂದ್ರದ ವಿರುದ್ಧದ ಪ್ರತಿಕಾಯ, ಪಾಸಿಟಿವ್ ಬಂತು. ಡಿ.ಎನ್.ಎ. ವಿರುದ್ಧದ ಪ್ರತಿಕಾಯ ವಿಪರೀತವಾಗಿತ್ತು. ತಂಗಿ ಕೇಳಿದ ಮೊದಲ ಪ್ರಶ್ನೆ, "ಡಾಕ್ಟ್ರೇ, ನಾನೇನು ತಪ್ಪು ಮಾಡಿದೆ?" ಎಂದಾಗಿತ್ತು. "ತಪ್ಪು ನಿನ್ನದಲ್ಲಮ್ಮಾ, ನಿನ್ನ ರಕ್ತದಲ್ಲಿರುವ ಕಾವಲುಗಾರರದ್ದು" ಎಂದರು ಅವರು. ಮೂರು ವರ್ಷಗಳಲ್ಲಿ ಅವಳ ಪರವಾಗಿ ಯಾರೋ ಸಾಕ್ಷಿ ನುಡಿದದ್ದು ಅದೇ ಮೊದಲು. ಉಮ್ಮ ಅಲ್ಲೇ ಕುಳಿತು ಅತ್ತರು.

ಈ ಪ್ರತಿಕಾಯಗಳು ಕೇಡು ಮಾಡುವ ರೀತಿಯನ್ನು ವೈದ್ಯರು ನಮಗೆ ಬಿಡಿಸಿ ಹೇಳಿದರು. ಶರೀರದಲ್ಲಿ ಪ್ರತಿದಿನ ಲೆಕ್ಕವಿಲ್ಲದಷ್ಟು ಕೋಶಗಳು ಸಾಯುತ್ತವೆ. ಆ ಕಸ ಕೂಡಲೇ ಗುಡಿಸಿ ಹೋಗಬೇಕು. ಲೂಪಸ್‌ನಲ್ಲಿ ಅದು ಸರಿಯಾಗಿ ಆಗುವುದಿಲ್ಲ. ಕೋಶದೊಳಗೆ ಅಡಗಿರಬೇಕಾದ ಡಿ.ಎನ್.ಎ. ಹೊರಗೆ ಬೀಳುತ್ತದೆ. ಅದಕ್ಕೆ ಪ್ರತಿಕಾಯಗಳು ಅಂಟಿ ಗಂಟುಗಳಾಗುತ್ತವೆ. ಆ ಗಂಟುಗಳು ಮೂತ್ರಪಿಂಡದ ಸೂಕ್ಷ್ಮ ಜರಡಿಯಲ್ಲಿ ಸಿಕ್ಕಿಕೊಂಡು ಉರಿಯೂತ ತರುತ್ತವೆ. ಬಿಸಿಲು ಚರ್ಮದ ಕೋಶಗಳನ್ನು ಕೊಲ್ಲುವುದರಿಂದ ಈ ಕಸ ಇನ್ನಷ್ಟು ಹೆಚ್ಚುತ್ತದೆ. ತಂಗಿಯ ಕೆನ್ನೆ ಕೆಂಪಾಗುತ್ತಿದ್ದುದರ ಅರ್ಥ ನಮಗಾದದ್ದು ಆಗಲೇ.

2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ಉಲ್ಲೇಖಾರ್ಹ. ಅಮೆರಿಕದ ಸೇನೆ ತನ್ನ ಸಿಬ್ಬಂದಿಯ ರಕ್ತದ ಮಾದರಿಗಳನ್ನು ಕಾಪಿಡುತ್ತದೆ. ಮುಂದೆ ಲೂಪಸ್ ಬಂದ 130 ಮಂದಿಯ ಹಳೆಯ ಮಾದರಿಗಳನ್ನು ಪರೀಕ್ಷಿಸಿದಾಗ, 115 ಮಂದಿಯಲ್ಲಿ ರೋಗ ಪತ್ತೆಯಾಗುವುದಕ್ಕೆ ಮೊದಲೇ ಸ್ವಪ್ರತಿಕಾಯಗಳಿದ್ದವು. ಕೆಲವರಲ್ಲಂತೂ 9 ವರ್ಷಗಳಿಗೂ ಮೊದಲು! ಬೆಂಕಿ ಕಾಣುವ ಎಷ್ಟೋ ಮೊದಲು ಹೊಗೆ ಎದ್ದಿರುತ್ತದೆ ಎಂದಾಯಿತು.

ಹಾಗೆಂದು ಹೊಗೆ ಕಂಡಲ್ಲೆಲ್ಲ ಬೆಂಕಿ ಇದೆಯೆಂದು ಓಡಬಾರದು. ನಮ್ಮ ನೆರೆಮನೆಯ ಹುಡುಗಿಯೊಬ್ಬಳಿಗೆ ಯಾವುದೋ ಪ್ರಯೋಗಾಲಯದ ಪ್ಯಾಕೇಜ್ ಪರೀಕ್ಷೆಯಲ್ಲಿ ಎ.ಎನ್.ಎ. ಪಾಸಿಟಿವ್ ಬಂತು. ಅವಳಿಗೆ ನೋವಿಲ್ಲ, ಜ್ವರವಿಲ್ಲ. ಆದರೂ ಸುದ್ದಿ ಹರಡಿ ನಿಶ್ಚಯವಾಗಿದ್ದ ಸಂಬಂಧ ಮುರಿಯುವ ಹಂತಕ್ಕೆ ಬಂತು. ನಮ್ಮ ತಂಗಿಯೇ ಅವಳನ್ನು ತನ್ನ ವೈದ್ಯರ ಬಳಿಗೆ ಕರೆದೊಯ್ದಳು. ಪರೀಕ್ಷಿಸಿದ ಅವರು ಕಾಯಿಲೆ ಇಲ್ಲವೆಂದರು. ಲೂಪಸ್ ಇರುವ ಬಹುತೇಕ ಎಲ್ಲರಲ್ಲೂ ಎ.ಎನ್.ಎ. ಇರುತ್ತದೆ ನಿಜ, ಆದರೆ ಎ.ಎನ್.ಎ. ಇರುವ ಎಲ್ಲರಿಗೂ ಲೂಪಸ್ ಇರುವುದಿಲ್ಲ. 1:80ರ ಮಟ್ಟದಲ್ಲಿ ಆರೋಗ್ಯವಂತರಲ್ಲೂ 100ಕ್ಕೆ ಸುಮಾರು 13 ಮಂದಿಯಲ್ಲಿ ಅದು ಕಂಡುಬಂದಿದೆ. ಸಾಕ್ಷಿಯ ಮಾತನ್ನು ತೂಗಿ ನೋಡಬೇಕಾದವರು ವೈದ್ಯರು. ಪ್ರಯೋಗಾಲಯದ ಚೀಟಿಯೂ ಅಲ್ಲ, ಮದುವೆ ದಲ್ಲಾಳಿಯೂ ಅಲ್ಲ.

ಹೆಚ್ಚು ನಿಖರವಾದ ಸಾಕ್ಷಿಗಳೂ ಇವೆ. 1966ರಲ್ಲಿ ನ್ಯೂಯಾರ್ಕಿನಲ್ಲಿ ಎಂಗ್ ಟಾನ್ ಮತ್ತು ಹೆನ್ರಿ ಕುಂಕೆಲ್ ಗುರುತಿಸಿದ ಸ್ಮಿತ್ ಪ್ರತಿಕಾಯ ಲೂಪಸ್ ಬಿಟ್ಟು ಬೇರೆಡೆ ಕಾಣುವುದು ಅಪರೂಪ. ಸ್ಮಿತ್ ಎಂಬುದು ವೈದ್ಯರ ಹೆಸರಲ್ಲ, ಯಾರ ರಕ್ತದಲ್ಲಿ ಅದು ಸಿಕ್ಕಿತೋ ಆ ರೋಗಿಯ ಹೆಸರು. ಅವಳ ರಕ್ತ ಲೋಕದ ರೋಗಿಗಳಿಗೆಲ್ಲ ಇಂದಿಗೂ ಉಪಕಾರ ಮಾಡುತ್ತಿದೆ.

ಲೂಪಸ್ ಬರುವ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಹೆಂಗಸರು, ಅದೂ ಹೆಚ್ಚಾಗಿ ಹೆರುವ ವಯಸ್ಸಿನವರು. ಆದ್ದರಿಂದ ತಾಯ್ತನಕ್ಕೆ ಸಂಬಂಧಿಸಿದ ಎರಡು ಸ್ವಪ್ರತಿಕಾಯಗಳನ್ನು ಇಲ್ಲಿ ಹೇಳಲೇಬೇಕು. ಒಂದು, ಫಾಸ್ಫೋಲಿಪಿಡ್‌ಗಳ ವಿರುದ್ಧದ ಪ್ರತಿಕಾಯ. ಇದು ರಕ್ತ ಹೆಪ್ಪುಗಟ್ಟಿಸುತ್ತದೆ, ಮಗುವಿಗೆ ಆಹಾರ ಒದಗಿಸುವ ಮಾಸನ್ನು ಕೆಡಿಸುತ್ತದೆ. ಇನ್ನೊಂದು, ರೋ ಎಂಬ ಪ್ರತಿಕಾಯ. ಇದು ಮಾಸನ್ನು ದಾಟಿ ಮಗುವಿನ ರಕ್ತಕ್ಕೆ ಹೋಗುತ್ತದೆ. ಇದಿರುವ ತಾಯಂದಿರ 100 ಮಕ್ಕಳಲ್ಲಿ ಸುಮಾರು ಇಬ್ಬರಿಗೆ ಹೃದಯದ ಬಡಿತದ ದಾರಿ ಕೆಡಬಹುದು. ಮೊದಲೇ ತಿಳಿದಿದ್ದರೆ ಗರ್ಭದಲ್ಲಿರುವಾಗಲೇ ಮಗುವಿನ ಹೃದಯದ ಮೇಲೆ ಕಣ್ಣಿಡಬಹುದು.

ತಂಗಿಯಲ್ಲಿ ರೋ ಇರಲಿಲ್ಲ. ಮೊದಲನೆಯದು ಇತ್ತು, 12 ವಾರ ಬಿಟ್ಟು ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸಿದರು. ಕಳೆದುಕೊಂಡ ಎರಡು ಮಕ್ಕಳ ಕಾರಣ ಹಾಗೆ ತಿಳಿಯಿತು. ಬಾವ ಆ ವರದಿಯನ್ನು ಮನೆಗೆ ಒಯ್ದು ತನ್ನ ತಾಯಿಗೆ ಓದಿ ಹೇಳಿದರು. ಮರುವಾರ ಅತ್ತೆ ಸೊಸೆಯೊಂದಿಗೆ ತಾವೇ ಆಸ್ಪತ್ರೆಗೆ ಬಂದರು. ಆ ದಿನವನ್ನು ನಾವು ಮರೆಯಲಾರೆವು.

ಮೂತ್ರಪಿಂಡದ ಉರಿಯೂತ ಪೂರ್ತಿ ಇಳಿದು, ಗರ್ಭಕ್ಕೆ ಹಾನಿಕಾರಕವಾದ ಮಾತ್ರೆಗಳನ್ನು ಬದಲಿಸಿದ ನಂತರವೇ ವೈದ್ಯರು ಅನುಮತಿ ಕೊಟ್ಟರು. ದಿನಾ ಆಸ್ಪಿರಿನ್ ಮಾತ್ರೆ, ಹೊಟ್ಟೆಗೆ ಹೆಪಾರಿನ್ ಚುಚ್ಚುಮದ್ದು. 2018ರಲ್ಲಿ ಮಗಳು ಹುಟ್ಟಿದಳು, ಈಗ ಶಾಲೆಗೆ ಹೋಗುತ್ತಿದ್ದಾಳೆ.

ಕಾಯಿಲೆ ಮಾತ್ರ ಹೋಗಿಲ್ಲ. ಮಲೇರಿಯಾಕ್ಕೆಂದು ಬಳಕೆಗೆ ಬಂದ ಹೈಡ್ರಾಕ್ಸಿಕ್ಲೋರೋಕ್ವಿನ್ ಅವಳ ದಿನನಿತ್ಯದ ಮಾತ್ರೆ. ಕೊರೋನಾಕ್ಕೆ ಅದೇ ಮದ್ದೆಂಬ ಸುದ್ದಿ 2020ರಲ್ಲಿ ಹಬ್ಬಿದಾಗ ಅಂಗಡಿಗಳಲ್ಲಿ ಅದು ಖಾಲಿಯಾಗಿ ನಾವು ಊರೂರು ಅಲೆದೆವು. ಕೊರೋನಾಕ್ಕೆ ಅದರಿಂದ ಪ್ರಯೋಜನವಿಲ್ಲವೆಂದು ಆಮೇಲೆ ಸಾಬೀತಾಯಿತು. 2022ರಲ್ಲಿ ಜರ್ಮನಿಯ ಎರ್ಲಾಂಗೆನ್‌ನ ವೈದ್ಯರು ಐವರು ಲೂಪಸ್ ರೋಗಿಗಳ ಬಿ ಕೋಶಗಳನ್ನೇ ಹೊಸ ವಿಧಾನದಿಂದ ಅಳಿಸಿ, ಕಾಯಿಲೆ ತಗ್ಗಿದ್ದನ್ನು ವರದಿ ಮಾಡಿದ್ದಾರೆ. ಆ ಚಿಕಿತ್ಸೆ ನಮ್ಮಂಥವರ ಕೈಗೆಟಕಲು ಕಾಲ ಬೇಕು. ಆದರೆ ಕೈಗೆಟಕುವ ಚಿಕಿತ್ಸೆಯೂ ಇದೆ, ಅದನ್ನು ಹೊತ್ತಿಗೆ ಸರಿಯಾಗಿ ಆರಂಭಿಸಿದರೆ ಮೂತ್ರಪಿಂಡ ಉಳಿಯುತ್ತದೆ.

ಮನೆಯ ಹೆಣ್ಣುಮಗಳು ತಿಂಗಳುಗಟ್ಟಲೆ ಸುಸ್ತು, ಗಂಟುನೋವು, ಬಾಯಿಹುಣ್ಣು ಎಂದರೆ ಅವಳ ಮಾತನ್ನು ನಂಬಿ. ಬರಿಯ ನೋವಿನ ಮಾತ್ರೆಗೆ ತೃಪ್ತರಾಗದೆ ಮೂತ್ರ ಪರೀಕ್ಷೆಯನ್ನಾದರೂ ಮಾಡಿಸಿ, ಗರ್ಭ ಮತ್ತೆ ಮತ್ತೆ ಹೋಗುತ್ತಿದ್ದರೆ ಕಾರಣ ಹುಡುಕಿಸಿ. ಅವಳು ಹೇಳಿದಾಗಲೇ ನಾವು ನಂಬಿದರೆ, ಅವಳ ಪರವಾಗಿ ರಕ್ತ ಬಂದು ಸಾಕ್ಷಿ ಹೇಳುವವರೆಗೆ ಅವಳು ಒಂಟಿಯಾಗಿ ಕಾಯಬೇಕಾಗಿಲ್ಲ.