ಒನಕೆಯಿಂದ ಗುಳಿಗೆಯವರೆಗೆ

ಚಿತ್ರದುರ್ಗದ ಕೋಟೆಗೆ ಪ್ರವಾಸ ಬರುವ ಶಾಲಾ ಮಕ್ಕಳು ಮೊದಲು ಕೇಳುವುದು ಓಬವ್ವನ ಕಿಂಡಿ ಎಲ್ಲಿ ಎಂದೇ. ಹೈದರಾಲಿಯ ಸೈನಿಕರನ್ನು ಒನಕೆಯಿಂದ ಬಡಿದ ವೀರವನಿತೆಯ ಕಥೆ ಅವರಿಗೆ ಬಾಯಿಪಾಠ. ಆದರೆ ಮನೆಮನೆಯ ಒನಕೆ ದಿನವೂ ಇನ್ನೊಂದು ಬಗೆಯ ಕಾವಲು ಕಾಯುತ್ತಿತ್ತು. ಅದರಲ್ಲಿ ಕುಟ್ಟಿದ ನವಣೆ, ಅಕ್ಕಿಯಲ್ಲಿ ತೌಡಿನ ಪದರ ಅಷ್ಟಿಷ್ಟು ಉಳಿಯುತ್ತಿತ್ತು. ಅದರೊಡನೆ ಬಿ1 ಜೀವಸತ್ವವೂ ಉಳಿಯುತ್ತಿತ್ತು.

ಗಿರಣಿಯ ಬಿಳಿ ಅನ್ನವನ್ನೇ ನಂಬಿದ ನಾಡುಗಳಲ್ಲಿ ಬೆರಿಬೆರಿ ರೋಗ ಹಬ್ಬಿತು. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಐಕ್ಮನ್, ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನೂ ತೌಡಿರುವ ಅಕ್ಕಿ ಕೊಟ್ಟಾಗ ಚೇತರಿಸುವುದನ್ನೂ ಕಂಡರು. 1910ರಲ್ಲಿ ಜಪಾನಿನ ಸುಜುಕಿ ತೌಡಿನಿಂದ ಆ ಸತ್ವವನ್ನು ಬೇರ್ಪಡಿಸಿದರು. ಅದು ಔಷಧಿಯಾಗಿ ಮಾರಾಟಕ್ಕೂ ಬಂತು. 1912ರಲ್ಲಿ ಫಂಕ್ ಇಂತಹ ಸತ್ವಗಳಿಗೆ 'ವಿಟಮಿನ್' ಎಂಬ ಹೆಸರು ಕೊಟ್ಟರು. ನಾವು ದನದ ಕಲಗಚ್ಚಿಗೆ ಹಾಕುವ ತೌಡೇ ಮೊದಮೊದಲ ವಿಟಮಿನ್ ಔಷಧಿಗೆ ಮೂಲ!

ಕೋಟೆಯಿಂದ ಹೊರಟು ಹಿರಿಯೂರಿನತ್ತ ಸಾಗಿದರೆ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ ಸಿಗುತ್ತದೆ. ಬರದ ಸೀಮೆಯಲ್ಲಿ ನಾಲೆಯ ನೀರು ಹರಿದಲ್ಲೆಲ್ಲ ಹಸಿರು. ಈ ಹಸಿರಿಗೂ ಮಕ್ಕಳ ಕಣ್ಣಿಗೂ ನಂಟಿದೆ. ಸೊಪ್ಪಿನ ಕೆರೋಟಿನ್ ದೇಹದಲ್ಲಿ 'ಎ' ಜೀವಸತ್ವವಾಗುತ್ತದೆ. ಅದು ಸಾಲದಿದ್ದರೆ ಇರುಳುಗಣ್ಣು. ಎರಡನೆಯ ಮಹಾಯುದ್ಧದಲ್ಲಿ ವಿದೇಶಿ ಕಾಡ್ ಮೀನಿನ ಎಣ್ಣೆಗೆ ಅಭಾವವಾದಾಗ ಕಲ್ಲಿಕೋಟೆಯಲ್ಲಿ ಶಾರ್ಕ್ ಮೀನಿನ ಯಕೃತ್ತಿನ ಎಣ್ಣೆ ತಯಾರಾಯಿತು. 1970ರಲ್ಲಿ ಮಕ್ಕಳಿಗೆ ಆರು ತಿಂಗಳಿಗೊಮ್ಮೆ 'ಎ' ಜೀವಸತ್ವದ ದ್ರಾವಣ ಕೊಡುವ ರಾಷ್ಟ್ರೀಯ ಯೋಜನೆ ಆರಂಭವಾಯಿತು. ಅದೆಷ್ಟೋ ಕಣ್ಣುಗಳಿಗೆ ಆ ಒಂದು ಚಮಚವೇ ಆಸರೆ.

ಮುಂದೆ ಹೊಸದುರ್ಗ. ಇಲ್ಲಿನ ಖುಷ್ಕಿ ಹೊಲಗಳಲ್ಲಿ ರಾಗಿಯ ಜೊತೆಗೆ ಹುರುಳಿಯನ್ನೂ ಬೆಳೆಯುತ್ತಾರೆ. ಒಣ ಕಾಳಿನಲ್ಲಿ 'ಸಿ' ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ. ಅದನ್ನೇ ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟರೆ, ಮೊಳಕೆಯೊಡೆಯುವಾಗ ಕಾಳು ತಾನೇ ಅದನ್ನು ತಯಾರಿಸಿಕೊಳ್ಳುತ್ತದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹ್ಯಾರಿಯೆಟ್ ಚಿಕ್ ಎಂಬ ವಿಜ್ಞಾನಿ ಸ್ಕರ್ವಿ ತಡೆಯಲು ಮೊಳಕೆಕಾಳನ್ನು ಸೂಚಿಸಿದ್ದರು. ನಮ್ಮ ಅಜ್ಜಿಯಂದಿರಿಗೆ ಅದು ಬಸ್ಸಾರಿನ ಕಾಳು!

ಕೊನೆಗೆ ಹೊಳಲ್ಕೆರೆ. ಅಡಿಕೆ ತೋಟಗಳ ಈ ಊರಿನಲ್ಲಿ ಬಯಲು ಗಣಪತಿಗೆ ಕೈಮುಗಿಯುವ ವಿದ್ಯಾರ್ಥಿಗಳಿಗೆ ಪರೀಕ್ಷೆಯ ಕಾಲದಲ್ಲಿ ಟಾನಿಕ್ಕಿನ ನೆನಪೂ ಆಗುತ್ತದೆ. ಆದರೆ ಯಾವ ಗುಳಿಗೆಯೂ ಅಂಕ ತರುವುದಿಲ್ಲ. ಕೊರತೆಯಿದೆಯೆಂದು ವೈದ್ಯರು ಹೇಳಿದರೆ ಗುಳಿಗೆ ಬೇಕೇ ಬೇಕು. ಸುಮ್ಮನೆ ನುಂಗಿದರೆ 'ಎ' ಮತ್ತು 'ಡಿ' ಜೀವಸತ್ವಗಳು ದೇಹದಲ್ಲಿ ಶೇಖರವಾಗಿ ಮಿತಿಮೀರಿದಾಗ ಕೇಡು ಮಾಡುತ್ತವೆ. ಬಾಟಲಿ ಕೊಳ್ಳುವ ಮೊದಲು ತಂದೆ-ತಾಯಂದಿರು ಮಗುವಿನ ತಟ್ಟೆಯನ್ನೊಮ್ಮೆ ನೋಡುವುದು ಒಳ್ಳೆಯದು: ಸೊಪ್ಪಿದೆಯೇ, ಮೊಳಕೆಕಾಳಿದೆಯೇ, ಹಾಲೋ ಮೊಸರೋ ಇದೆಯೇ?